ಗಜ್ಜರಿ ಲಾರಿಯಲ್ಲಿ ಬಂದ ಓತಿಕ್ಯಾತ

ಊಟಿ,
ಏಪ್ರಿಲ್ 22, ಮಂಗಳವಾರ

ನಿಶಾತ ಆಪಾಗೆ ನಿನ್ನ ತಮ್ಮನ ಸಲಾಂ.

ಫೋನ್ ಮಾಡಿದರೆ ನೀನು ಬೈಯುವ ಮೊದಲೇ ನಾನು ಏನಾದರೂ ಸುಳ್ಳು ಹೇಳಿಬಿಡುತ್ತೇನೆ. ಅದಕ್ಕೇ ಈ ಕಾಗದ. ಲಾರಿಯ ನೀಲಪ್ಪ ಕಾಕಾ ತಂದು ಕೊಡುತ್ತಾರೆ, ಅವರಿಗೆ ಚಹಾ ಕೊಡದೆ ಕಳಿಸಬೇಡ.

ನಿನ್ನೆ ನಾನು ಧಾರವಾಡಕ್ಕೆ ಬಂದು ಇಸ್ತಿಯಾಕ ಭಾವನ ಗ್ಯಾರೇಜು ಸೇರಬೇಕಿತ್ತು. ಬೇಕರಿ ಕೆಲಸ ಬಿಟ್ಟೆ, ಆಟೋ ಓಡಿಸುವುದನ್ನೂ ಬಿಟ್ಟೆ, ಗ್ಯಾರೇಜಿನಲ್ಲಾದರೂ ಕೂತಾನು ಎಂದು ನೀನು ಭಾವನ ಮುಂದೆ ಮಾತು ಕೊಟ್ಟಿದ್ದೆ. ಮರೆತಿಲ್ಲ ಆಪಾ. ಯಾಕೆ ಬರಲಿಲ್ಲ ಅಂದರೆ, ಕೇಳು.

ಶನಿವಾರ ಹುಬ್ಬಳ್ಳಿ ಎಪಿಎಂಸಿಯಲ್ಲಿ ಕಾಕಾನ ಲಾರಿಯಿಂದ ಊಟಿ ಗಜ್ಜರಿ ಇಳಿಸುತ್ತಿದ್ದೆ. ಚೀಲಗಳ ಸಂದಿಯಲ್ಲಿ ಒಂದು ಓತಿಕ್ಯಾತ. ನಮ್ಮ ಓಣಿಯ ಗೋಡೆ ಮೇಲಿನಂಥದಲ್ಲ. ಹಸಿರು ಮೈ, ಪಕ್ಕಕ್ಕೆ ಬಿಳಿ ಪಟ್ಟಿ, ಬೆನ್ನ ಮೇಲೆ ಗರಗಸದಂಥ ಮುಳ್ಳು. ತಲೆ ಅಲ್ಲಾಡಿಸಿತು ನೋಡು, ಹಮಾಲರು ಕಲ್ಲು ಎತ್ತಿಯೇಬಿಟ್ಟರು. ಅಣಕಿಸುತ್ತದೆ ಎಂದು ಚಿಕ್ಕಂದಿನಲ್ಲಿ ನಾವೂ ಹೊಡೆಯುತ್ತಿದ್ದೆವಲ್ಲ. ಈ ಸಲ ಯಾಕೋ ಅಂಗಿಯಲ್ಲಿ ಸುತ್ತಿಕೊಂಡು ಮನೆಗೆ ತಂದೆ.

ಓತಿಕ್ಯಾತ ಎಂದರೆ ಬಿಸಿಲಿನ ಪ್ರಾಣಿ ಎಂದು ಮಾಳಿಗೆಯ ತಗಡಿನ ಮೇಲೆ ಬಿಟ್ಟೆ. ಬಾಯಿ ತೆರೆದು ತೇಕತೊಡಗಿತು. ರೆಹಮತ್‌ಬಿ ದಾದಿ, "ಏ ಹುಚ್ಚಪ್ಯಾಲಿ, ಥಂಡಿ ಊರಿನ ಜೀವಾನ ಹಪ್ಪಳದಂಗ ಒಣಗಸಾಕತ್ತೀಯಲ್ಲೋ!" ಎಂದು ಈ ಮೊಮ್ಮಗನಿಗೆ ಬೈದು, ನೀರಿನ ಗಡಿಗೆಗೆ ಸುತ್ತಿದ ಒದ್ದೆ ಗೋಣಿಯ ಮೇಲೆ ಕೂಡಿಸಿದಳು. ತೇಕುವುದು ನಿಂತಿತು. ಆದರೆ ಏನೂ ತಿನ್ನಲಿಲ್ಲ, ಬಣ್ಣ ಕಂದಿತು. "ಅದು ಮ್ಯಾಲಿನ ಗುಡ್ಡದ ಬೇಲ್ಯಾಗ ಇರೂದು, ಇಲ್ಲಿ ಬದುಕೂದಿಲ್ಲ" ಎಂದರು ಸಂಜೆ ಮನೆಗೆ ಬಂದ ಕಾಕಾ. ದಾದಿ ನನ್ನ ಕಡೆ ನೋಡಿ, "ನಿನ್ನಂಗ ಇದಕ್ಕೂ ಹುಬ್ಬಳ್ಳಿ ಹಿಡಸವಲ್ದು. ಒಯ್ದು ಬಿಟ್ಟು ಲಗೂ ಬಾ" ಎಂದಳು.

ಭಾನುವಾರ ಲಾರಿ ಹತ್ತಿದೆ. ಒದ್ದೆ ಗೋಣಿ ಹಾಸಿದ ಬುಟ್ಟಿ ತೊಡೆಯ ಮೇಲೆ. ಘಾಟಿ ಏರಿದಂತೆ ನನ್ನ ಹಲ್ಲು ಕಟಕಟ ಅಂದವು, ಅದರ ಬಣ್ಣ ಮರಳಿತು. ನಿನ್ನೆ ಊಟಿ ಮುಟ್ಟಿ, ಗಜ್ಜರಿ ತೊಳೆಯುವ ಜಾಗದ ಬೇಲಿಯಲ್ಲಿ ಬಿಟ್ಟೆ. ಓಡಲಿಲ್ಲ. ಒಂದು ಕೊಂಬೆ ಹಿಡಿದು ಕೂತಿತು. ಇವತ್ತು ಬೆಳಿಗ್ಗೆಯೂ ಅಲ್ಲೇ ಇತ್ತು. ನೋಡುತ್ತ ನಾನೂ ಕೂತೆ, ಕಾಲು ಕುಣಿಸದೆ. ನೀನು ಕಂಡಿದ್ದರೆ ನಂಬುತ್ತಿರಲಿಲ್ಲ.

ಇಲ್ಲಿಯ ತೊಳೆಯುವ ಯಂತ್ರದ ಬೆಲ್ಟ್ ಜಾರುತ್ತಿತ್ತು, ಸರಿ ಮಾಡಿಕೊಟ್ಟೆ. ಮಾಲೀಕರು ತಮಿಳಿನಲ್ಲಿ ಏನೋ ಕೇಳಿದರು. "ಕೆಲಸಕ್ಕ ಇರ್ತೀಯೇನ ಅಂತ ಕೇಳಾಕತ್ತಾರ" ಎಂದರು ಕಾಕಾ. ಹೂಂ ಎಂಬಂತೆ ತಲೆ ಅಲ್ಲಾಡಿಸಿದೆ, ಓತಿಕ್ಯಾತನ ಹಾಗೆ.

ಭಾವನ ಮುಂದೆ ನೀನು ತಲೆ ತಗ್ಗಿಸಬೇಡ. ತಪ್ಪು ನನ್ನದು, ಫೋನ್ ಮಾಡಿ ನಾನೇ ಹೇಳುತ್ತೇನೆ. ದಾದಿಗೆ ಮಾತ್ರ, ಲಗೂ ಬರುತ್ತಾನೆ ಎಂದು ಹೇಳು.

ನಿನ್ನ
ತನ್ವೀರ

ತಾ.ಕ.: ಕಾಕಾ ಮುಂದಿನ ಲೋಡಿಗೆ ಬರುವಾಗ ಅಬ್ಬಾನ ಹಳೆ ಸ್ವೆಟರು, ದಾದಿ ಹೊಲಿದ ದಪ್ಪ ಕೌದಿ, ಎರಡನ್ನೂ ಕಳಿಸು. ಮಳೆಗಾಲದಲ್ಲಿ ಇಲ್ಲಿ ಇನ್ನೂ ಥಂಡಿಯಂತೆ.