ನಿನ್ನಪ್ಪನ ವಿಶ್ವಕುಟುಂಬ

ಬಂದರಿನ ಹಿಂದಿನ ಬೀದಿ, ಬಾಡಿಗೆಯ ಅಟ್ಟದ ಕೋಣೆ
೧೪ನೇ ತಾರೀಖು, ಮಂಗಳವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಬೇಕರಿಯಲ್ಲಿ ನಿಂತು ನಿಂತು ಸೊಂಟ ಹಿಡಿದುಕೊಂಡಿದೆ ಎಂದು ನೀನು ಹೋದ ಕಾಗದದಲ್ಲಿ ಬರೆದಿದ್ದೆ. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೋ, ಉದಾಸೀನ ಮಾಡಬೇಡ. ಒಲೆಗೆ ತಗುಲಿ ಸುಟ್ಟಿದ್ದ ನಿನ್ನ ಗಂಡನ ಕೈ ವಾಸಿಯಾಯಿತೇ? ನಾನು ಚೆನ್ನಾಗಿದ್ದೇನೆ, ಕಾಲು ಮಾತ್ರ ಸ್ವಲ್ಪ ಊದಿಕೊಂಡಿದೆ. ನಿಮ್ಮಪ್ಪನಿಗೆ ಏನೂ ಆಗಿಲ್ಲ. ಅವರಿಗೆ ಏನೂ ಆಗುವುದೂ ಇಲ್ಲ.

ಮೈತುಂಬ ಜೇಬುಗಳಿರುವ ಹೊಸದೊಂದು ಕೋಟು ಹೊಲಿಸಿಕೊಂಡು ಬಂದಿದ್ದಾರೆ, ಯಾವ ಜೇಬಿನಲ್ಲಿ ಕನ್ನಡಕವಿದೆ ಎಂದು ಹುಡುಕಿ ಕೊಡುವುದು ನನ್ನ ಕೆಲಸ. ಕಂಡಕಂಡವರನ್ನೆಲ್ಲ ತಬ್ಬಿಕೊಳ್ಳುತ್ತಾರೆ. ಬಸ್ಸಿನ ಡ್ರೈವರು, ಸುಂಕದ ಕಟ್ಟೆಯ ಪೊಲೀಸು, ಯಾರನ್ನೂ ಬಿಡುವುದಿಲ್ಲ. ಬೆಟ್ಟದ ಮೇಲೆ ಕುರಿ ಕಾಯುವವರ ಗುಡಾರದಲ್ಲಿ ಹಾಲು ಕೊಟ್ಟರು. ನಿಮ್ಮಪ್ಪ ಅಮೃತ ಅಮೃತ ಎಂದು ತಲೆದೂಗಿದರು, ಕುರಿಯವರು ಅತ್ತ ತಿರುಗಿದ್ದೇ ತಡ ಲೋಟ ನನ್ನ ಕೈಗೆ ದಾಟಿಸಿ ಕರ್ಚೀಫಿನಿಂದ ತುಟಿ ಉಜ್ಜಿಕೊಂಡರು. ಇನ್ನೊಂದು ಊರಿನಲ್ಲಿ ಬುಟ್ಟಿ ಹೆಣೆಯುವ ಮುದುಕಿಯ ಫೋಟೋ ತೆಗೆಯಬೇಕಿತ್ತು. ಕೈಗಡಿಯಾರ ಬಿಚ್ಚಿಸಿದರು, ಕನ್ನಡಕ ತೆಗೆಸಿದರು, ಪ್ಲಾಸ್ಟಿಕ್ ಚಪ್ಪಲಿ ದೂರ ಇಡಿಸಿದರು. ಪಾಪ, ಕನ್ನಡಕವಿಲ್ಲದೆ ಅವಳಿಗೆ ಬುಟ್ಟಿಯೇ ಕಾಣಿಸಲಿಲ್ಲ, ಕೈ ಸುಮ್ಮನೆ ಗಾಳಿಯಲ್ಲಿ ಆಡುತ್ತಿತ್ತು. ಆ ಫೋಟೋ ಅವರ ಪ್ರವಾಸಕಥನ ಬರುವ ವಾರಪತ್ರಿಕೆಯ ಮುಖಪುಟಕ್ಕೆ ಹೋಗುತ್ತದಂತೆ. ಊರಿಗೆ ಮರಳಿದ ಮೇಲೆ ಹಾರ ಹಾಕಿಸಿಕೊಂಡು, ಜಗತ್ತೇ ನನ್ನ ಮನೆ, ಮನುಷ್ಯರೆಲ್ಲ ನನ್ನ ಬಂಧುಗಳು ಎಂಬ ಅದೇ ಭಾಷಣ ಬಿಗಿಯುತ್ತಾರೆ. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಲು ನಾನಿದ್ದೇನಲ್ಲ.

ಈಗ ನಾವು ಇಳಿದುಕೊಂಡಿರುವುದು ಮೀನಿನ ಬಲೆ ರಿಪೇರಿ ಮಾಡುವ ಒಬ್ಬ ಅಜ್ಜಿಯ ಮನೆಯಲ್ಲಿ. ಅಟ್ಟದ ಕೋಣೆ ಬಾಡಿಗೆಗೆ ಕೊಡುತ್ತಾಳೆ. ಅಜ್ಜಿಯ ಮಗಳು ಮದುವೆಯಾಗಿರುವುದು ಕಡಲಿನ ಆಚೆ ದಡದ ಹುಡುಗನನ್ನು. ಮಾತು ಬೇರೆ, ಕೈಮುಗಿಯುವ ದೇವರು ಬೇರೆ. ಮೊದಲು ಬೀದಿಯವರೆಲ್ಲ ಮಾತು ಬಿಟ್ಟಿದ್ದರಂತೆ, ಅಜ್ಜಿ ಮಾತ್ರ ಅಳಿಯನನ್ನು ಕರೆತಂದು ಮನೆಯಲ್ಲೇ ಇಟ್ಟುಕೊಂಡಳಂತೆ. ಇಂಗ್ಲಿಷು ಬರುವುದು ಅವನೊಬ್ಬನಿಗೇ, ಹಾಗಾಗಿ ಇದನ್ನು ನಾಚಿಕೊಂಡು ಅವನೇ ಹೇಳಿದ. ನಿನ್ನೆ ಮಧ್ಯಾಹ್ನ ಎಲ್ಲರೂ ಒಂದೇ ಮೇಜಿಗೆ ಊಟಕ್ಕೆ ಕೂತಿದ್ದೆವು. ನಿಮ್ಮಪ್ಪ ಎದ್ದು ಹೋಗಿ ಆ ಅಳಿಯನನ್ನು ತಬ್ಬಿಕೊಂಡರು. ಕೂರುತ್ತಾ ನನಗೆ ಹೇಳಿದರು, "ನೋಡು, ಈ ಅಜ್ಜಿದು ಎಂಥಾ ವಿಶಾಲ ಮನಸ್ಸು. ನಮ್ಮ ಜನ ಇದನ್ನ ಕಲೀಬೇಕು ಕಣೇ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದೆ. ಬೇರೆ ಜನದವನನ್ನು ಕಟ್ಟಿಕೊಂಡಳು ಎಂದು ನಿನ್ನನ್ನು ಹೊಸಿಲು ತುಳಿಯಲು ಬಿಡದ ಮನುಷ್ಯ. ಮೂರು ವರ್ಷದಿಂದ ಅಳಿಯನ ಹೆಸರನ್ನು ಬಾಯಿಗೆ ತಾರದೆ ರೊಟ್ಟಿ ಸುಡೋನು ಎಂದೇ ಅನ್ನುವ ಮನುಷ್ಯ.

ಅಷ್ಟರಲ್ಲಿ ಅಜ್ಜಿ ಏನೋ ಕೇಳಿದಳು. ನಿಮಗೆ ಮಕ್ಕಳೆಷ್ಟು ಎಂದು ಕೇಳುತ್ತಿದ್ದಾಳೆ ಎಂದ ಅಳಿಯ. ನಿಮ್ಮಪ್ಪ ನೀರು ಕುಡಿದು, ಲೋಟ ಕೆಳಗಿಟ್ಟು, ಇಲ್ಲ ಎಂದರು. ನಮಗೆ ಮಕ್ಕಳಿಲ್ಲ.

ನಾನು ನನ್ನ ಹರಕುಮುರುಕು ಇಂಗ್ಲಿಷಿನಲ್ಲೇ ಹೇಳಿದೆ: "ಇದ್ದಾಳೆ, ಒಬ್ಬಳು ಮಗಳು. ನಿನ್ನಂಥವನನ್ನೇ ಮದುವೆಯಾದಳು. ಅದಕ್ಕೆ ಇವರು ಅವಳನ್ನ ಮನೆಗೆ ಸೇರಿಸಿಲ್ಲ. ಇದನ್ನೂ ನಿಮ್ಮತ್ತೆಗೆ ಹೇಳಪ್ಪ."

ಹುಡುಗ ನಿಮ್ಮಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಒಂದೂ ಬಿಡದೆ ಹೇಳಿದ. ಅಜ್ಜಿ ಬೈಯಲಿಲ್ಲ, ದನಿಯೂ ಏರಿಸಲಿಲ್ಲ. ನಿಮ್ಮಪ್ಪ ಆ ಮೇಜಿನಲ್ಲಿ ಇಲ್ಲವೇ ಇಲ್ಲ ಎಂಬಂತೆ ಕುರ್ಚಿ ನನ್ನ ಕಡೆ ಎಳೆದುಕೊಂಡು, ಅಳಿಯನ ಮೂಲಕ ನಿನ್ನ ವಿಷಯವನ್ನೇ, ನಿನ್ನ ಹೆಸರೇನು, ನೀನು ಏನು ಕೆಲಸ ಮಾಡುತ್ತೀಯ, ನಿನ್ನ ಕೂದಲು ನನ್ನ ಹಾಗೆ ಗುಂಗುರೋ ಎಂದು ಒಂದೊಂದನ್ನೇ ಕೇಳಿದಳು. ಎಷ್ಟು ದಿನವಾಗಿತ್ತೋ ಪುಟ್ಟೀ, ನಿನ್ನ ವಿಷಯ ಬಾಯಿತುಂಬ ಮಾತಾಡಿ.

ಕೋಣೆಗೆ ಬಂದ ಮೇಲೆ ಪರಸ್ಥಳದಲ್ಲಿ ಮಾನ ತೆಗೆದೆ ಎಂದು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅದೂ ಇಲ್ಲ. ಇವತ್ತು ಬೆಳಿಗ್ಗೆ ಎಂದಿನಂತೆ ನನ್ನನ್ನು ಕೂರಿಸಿಕೊಂಡು ಪತ್ರಿಕೆಗೆ ಬರೆದದ್ದನ್ನು ಗಟ್ಟಿಯಾಗಿ ಓದಿದರು. ಅದರಲ್ಲಿ ಅಜ್ಜಿ, ಬಲೆ, ಅಳಿಯ ಎಲ್ಲ ಬಂದಿದ್ದಾರೆ. ಕೊನೆಗೆ, "ಆ ತಾಯಿಯ ಔದಾರ್ಯ ಕಂಡು ನನ್ನ ಪತ್ನಿಯ ಕಣ್ಣು ತುಂಬಿ ಬಂತು." ಓದಿ ಮುಗಿಸಿ, ಹೇಗಿದೆ ಎಂದು ಕೇಳಿದರು. ನನಗೆ ಸಿಟ್ಟೂ ಬರಲಿಲ್ಲ. ಕಾಲಿಗೆ ಮೆತ್ತಿದ ಕೆಸರನ್ನು ನೋಡುವ ಹಾಗೆ ಅವರನ್ನು ನೋಡಿದೆ, ಅಷ್ಟೇ. ಚೆನ್ನಾಗಿದೆ ಎಂದೆನೆಂದುಕೊಂಡರೇನೋ, ಪೆನ್ನಿನ ಮುಚ್ಚಳ ಹಾಕಿದರು.

ಅಜ್ಜಿ ನಿಮ್ಮಿಬ್ಬರನ್ನೂ ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಹೊತ್ತು ಹೊತ್ತಿಗೆ ಊಟ ಮಾಡಿ, ನಗುನಗುತ್ತಾ ಇರಿ. ನನ್ನ ಆಶೀರ್ವಾದ ನಿಮ್ಮಿಬ್ಬರ ಮೇಲೂ ಇದೆ.

ಇತಿ,
ನಿನ್ನ ಅಮ್ಮ

ತಾ.ಕ.: ಅಂಚೆಗೆ ಹೊತ್ತಾಯಿತು. ನಾಳೆ ನಿಮ್ಮಪ್ಪ ಮುಂದಿನ ಊರಿಗೆ ಹೊರಡುತ್ತಾರೆ, ನಾನು ಹೋಗುವುದಿಲ್ಲ. ಇನ್ನೂ ಅವರಿಗೆ ಹೇಳಿಲ್ಲ, ಅವರು ಬಸ್ಸು ಹತ್ತಿದ ಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಅಜ್ಜಿಯ ಮನೆಯಲ್ಲೇ ಇದ್ದು, ಮುಂದಿನ ತಿಂಗಳ ಮೊದಲ ಹಡಗಿಗೆ ನಿಮ್ಮೂರಿಗೆ ಬರುತ್ತಿದ್ದೇನೆ. ಎಷ್ಟು ದಿನಕ್ಕೆ ಎಂದು ಕೇಳಬೇಡ. ನಿನ್ನ ಗಂಡನನ್ನು ನಾನು ಫೋಟೋದಲ್ಲಿ ಮಾತ್ರ ನೋಡಿರುವುದು. ನನಗೆ ಗುರುತು ಹತ್ತದಿದ್ದರೆ ಅವನೇ ಬಂದು ಅತ್ತೇ ಎಂದು ಕರೆಯಲಿ.