ಸ್ವರೂಪನಿಗೆ ಮಕ್ಕಳ ಕ್ಲಾಸ್ ಬೇಡ

ಬೋಲಿಂಗ್‌ಬ್ರೂಕ್, ಗುರುವಾರ

ಮೈತ್ರೇಯಿ ಪುಟ್ಟಾ,

ಹೆಸರಿಗೆ ಸತ್ಯನಾರಾಯಣ, ಬಾಯಿ ಬಿಟ್ರೆ ಬರೀ ಸುಳ್ಳು ಅಂತ ನನ್ನ ನೋಡಿ ಎಲ್ರೂ ನಗ್ತೀರಲ್ಲ, ಇವತ್ತು ನಗಬೇಡಮ್ಮ.

ನಿನ್ನ ಭಾನುವಾರದ ಕನ್ನಡ ಕ್ಲಾಸಲ್ಲಿ ಮಕ್ಕಳಿಗೆ ನಾಟಕ ಕಲಿಸ್ತೀನಿ ಅಂತ ನನ್ನ ಮಗ ಸ್ವರೂಪ ಒಪ್ಕೊಂಡಿದಾನೆ. "ಅಂಕಲ್ ಮಗ ತಾನೆ, ಬ್ಯಾಕ್‌ಗ್ರೌಂಡ್ ಚೆಕ್ ಯಾಕೆ?" ಅಂದ್ಯಂತೆ. ಮಾಡಿಸಮ್ಮ, ಅವನ ಹಳೇ ಪೊಲೀಸ್ ದಾಖಲೆ ಸಿಗುತ್ತೆ. ಡೆಟ್ರಾಯ್ಟ್‌ನಲ್ಲಿದ್ದಾಗ ಒಂದು ಮಗುವಿಗೆ ಕೆಟ್ಟದ್ದು ಮಾಡಿ ಜೈಲಿಗೆ ಹೋಗಿದ್ದ. ಇಂಥ ಅಪರಾಧಿಗಳ ಹೆಸರು ಹಾಕೋ ಸರ್ಕಾರಿ ರಿಜಿಸ್ಟ್ರಿಯಲ್ಲಿ ಅವನ ಫೋಟೋ ಇದೆ. ನನ್ನದೇ ಮೂಗು.

ಮಕ್ಕಳಿರೋ ಕಡೆ ಅವನಿಗೆ ಕುರ್ಚಿ ಜೋಡಿಸೋ ಕೆಲಸಾನೂ ಕೊಡಬೇಡ. ಯಾರು ಹೇಳಿದ್ದು ಅಂತ ಕೂಗಾಡ್ತಾನೆ. ಬೇರೆಯವರ ಮೇಲೆ ಹಾಕಬೇಡ, ಅಪ್ಪನೇ ಬರೆದ್ರು ಅಂತ ಹೇಳು. ಆಮೇಲೆ ಮನೆಗೆ ಕಳಿಸು. ಅವನು ಬರೋವರೆಗೂ ನಾನು ಊಟ ಮಾಡದೆ ಕಾಯ್ತಿರ್ತೀನಿ.

ನಿನ್ನ
ಸತ್ಯನಾರಾಯಣ ಅಂಕಲ್