ಫೇಲ್ ಮಾಡಿ ಎಂದ ಹುಡುಗಿ

ಕಲೂರ್, ಕೊಚ್ಚಿ
8 ಫೆಬ್ರವರಿ 2026, ಭಾನುವಾರ

ಉದಯಶಂಕರರಿಗೆ, ಸೌದಾಮಿನಿಯ ನಮಸ್ಕಾರ.

ಗಂಡನ ಹೆಸರು ಹಿಡಿದು ಕರೆದರೆ ಅಲ್ಲಿ ನಿಮ್ಮ ಜೊತೆಗಿರುವ ಅತ್ತೆಗೆ ಸರಿಬರುವುದಿಲ್ಲ. ಕಾಗದವಾದ್ದರಿಂದ ಅವರಿಗೆ ಕೇಳಿಸುವುದಿಲ್ಲ ಎಂಬ ಧೈರ್ಯ ನನಗೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀವು ತೀರ್ಪು ಕೊಟ್ಟುಬಿಡುತ್ತೀರಿ. ಕಾಗದದ ನಡುವೆ ಬಾಯಿ ಹಾಕುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕ್ರಿಸ್‌ಮಸ್ ರಜೆಗೆ ಬಂದವರು ಜಗಳವಾಡಿ ಮರುದಿನವೇ ತಿರುವನಂತಪುರಕ್ಕೆ ಹೊರಟುಹೋದಿರಿ. ಜಗಳ ಯಾವುದರ ಬಗ್ಗೆ? ದಿಲ್ಲಿಯ ಹೊಸ ಕಾರ್ಮಿಕ ಕಾನೂನಿನ ಬಗ್ಗೆ. ಇಷ್ಟು ವರ್ಷ ಬೇರೆ ಬೇರೆ ಊರಿನಲ್ಲಿ ಸಂಸಾರ ಮಾಡಿದ ನಮಗೆ ಜಗಳವಾಡಲು ಸ್ವಂತ ವಿಷಯವೂ ಉಳಿಯಲಿಲ್ಲವಲ್ಲ ಎಂದು ಆಮೇಲೆ ನಗು ಬಂತು. ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ, ಕರಾರಿನವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ, ಇನ್ನೇನು ಬೇಕು ಎಂದಿರಿ. ಕೇಂದ್ರದ ಸಂಸ್ಥೆಯಲ್ಲಿ ಕೂತು ಲೆಕ್ಕಪತ್ರ ನೋಡುವ ನಿಮಗೆ ಹಾಗೆ ಕಾಣುವುದು ಸಹಜ. ಕಾನೂನಿನಲ್ಲಿ ಅದೆಲ್ಲ ಇರುವುದು ನಿಜ. ಇಲ್ಲಿನ ಸರಕಾರ ಅದನ್ನು ಜಾರಿ ಮಾಡುವುದಿಲ್ಲ ಎಂದದ್ದೂ ನಿಜ. ನಾನು ಹೇಳಹೊರಟದ್ದು ಈ ಎರಡರಲ್ಲೂ ಸೇರದವರ ಮಾತು. ನನ್ನ ಮೇಜಿನ ಹುಡುಗಿಯರನ್ನು ಯಾರೂ ಕೆಲಸಗಾರರೆಂದು ಕರೆಯುವುದಿಲ್ಲ. ಅವರು ಅಪ್ರೆಂಟಿಸ್‌ಗಳು.

ಕಾಕ್ಕನಾಡಿನ ನಮ್ಮ ಕಾರ್ಖಾನೆಯಲ್ಲಿ ಯಂತ್ರಗಳ ಒಳಗೆ ಕೂರುವ ವಯರುಗಳ ಕಂತೆ ಕಟ್ಟುತ್ತಾರೆ, ನಾನು ಬೆಸುಗೆ ಕಲಿಸುತ್ತೇನೆ ಎಂಬುದು ನಿಮಗೆ ಗೊತ್ತು. ವರ್ಷಕ್ಕೊಂದು ತಂಡ ಬರುತ್ತದೆ. ಅವರ ಸ್ಟೈಪೆಂಡಿನಲ್ಲಿ ಒಂದು ಪಾಲನ್ನು ದಿಲ್ಲಿಯೇ ಕೊಡುತ್ತದೆ. ಮೊದಮೊದಲು ಬೆರಳು ಸುಟ್ಟುಕೊಳ್ಳುತ್ತಾರೆ, ಆಮೇಲೆ ಕಾಯಂ ನೌಕರರಷ್ಟೇ ಕೆಲಸ ಮಾಡುತ್ತಾರೆ. ವರ್ಷ ಮುಗಿದು ಪರೀಕ್ಷೆಯಾದರೆ ಸರ್ಟಿಫಿಕೇಟ್ ಹಿಡಿದು ಮನೆಗೆ, ಅವರ ಜಾಗಕ್ಕೆ ಇನ್ನೊಂದು ತಂಡ. ಹೋಗುವಾಗ ಎಲ್ಲರೂ ಸೇರಿ ನನಗೊಂದು ಸೀರೆ ಕೊಡುವುದು ವಾಡಿಕೆ. ಬೀರು ತುಂಬಿದೆ. ಕೊಟ್ಟವರಲ್ಲಿ ಒಬ್ಬಳೂ ಇವತ್ತು ನಮ್ಮ ಕಾರ್ಖಾನೆಯಲ್ಲಿಲ್ಲ.

ಈ ವರ್ಷದ ತಂಡದಲ್ಲಿ ಸುಮಯ್ಯಾ ಎಂಬವಳಿದ್ದಾಳೆ, ತಿರೂರಿನವಳು. ಹಾಸ್ಟೆಲು ಹಿಡಿಸುವುದಿಲ್ಲವೆಂದು ಅತ್ತಾಗ ನಮ್ಮ ಹಿಂದಿನ ಕೋಣೆಯಲ್ಲಿ ಇರು ಎಂದೆ. ನೀವು ಬಂದಾಗ ಊರಿಗೆ ಹೋಗಿದ್ದಳು. ನಾನೂ ಹೇಳಲಿಲ್ಲ, ಹೇಳಿದ್ದರೆ ಮನೆಯ ಬಾಡಿಗೆ ಕರಾರನ್ನು ಮೊದಲಿಂದ ಓದಿಸುತ್ತಿದ್ದಿರಿ. ಹಿತ್ತಿಲಲ್ಲಿ ಮೀನು ಹುರಿಯುತ್ತಾಳೆ, ನಾನು ಮೂಗಿಲ್ಲದವಳ ಹಾಗೆ ಒಳಗೆ ಕೂರುತ್ತೇನೆ. ನನ್ನ ನೀರುದೋಸೆ ಅವಳ ಉಮ್ಮ ತಟ್ಟುವ ಅಕ್ಕಿರೊಟ್ಟಿ, ಆ ಪತ್ತಿರಿಯ ಮುಂದೆ ಏನೂ ಅಲ್ಲ ಎಂದು ದಿನಾ ಹೇಳುತ್ತಲೇ ತಟ್ಟೆ ಖಾಲಿ ಮಾಡುತ್ತಾಳೆ. ಅವಳ ಪಾಳಿ ನನ್ನದಕ್ಕಿಂತ ಬೇಗ ಮುಗಿಯುತ್ತದೆ. ಸಂಜೆ ಬಸ್ಸಿಳಿದು ಬಂದರೆ ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ. ಬೀಗ ತೆಗೆಯದೆ ಸ್ವಂತ ಮನೆಯೊಳಗೆ ಹೋಗುವುದು ಎಷ್ಟು ಸುಖವೆಂದು ನಾನು ಮರೆತೇಬಿಟ್ಟಿದ್ದೆ.

ಕಳೆದ ತಿಂಗಳು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು, “ಟೀಚರ್, ನನ್ನನ್ನು ಫೇಲ್ ಮಾಡಿ.”

ತಮಾಷೆ ಎಂದುಕೊಂಡೆ. ಅಲ್ಲ. ಫೇಲಾದವರಿಗೆ ಮುಂದಿನ ಪರೀಕ್ಷೆಯವರೆಗೆ ತರಬೇತಿ ಮುಂದುವರಿಯುತ್ತದೆ, ಸ್ಟೈಪೆಂಡೂ ಬರುತ್ತದೆ. ಪಾಸಾದವರಿಗೆ ಏನೂ ಇಲ್ಲ. ಮ್ಯಾನೇಜರ್ ಕೂಡ ನನ್ನನ್ನು ಕರೆದು, ಕೈ ಚೆನ್ನಾಗಿ ಕೂತಿರುವ ಕೆಲವರಿಗೆ ಇನ್ನಷ್ಟು ತರಬೇತಿ ಬೇಕಾಗಬಹುದಲ್ಲವೇ ಎಂದು ನಗುತ್ತಾ ಕೇಳಿದರು, ಎಲ್ಲರಿಗೂ ಒಳ್ಳೆಯದು ಎಂದರು. ಆ ಎಲ್ಲರಲ್ಲಿ ನಾನೂ ಒಬ್ಬಳೆಂದು ಅವರಿಗೆ ಗೊತ್ತಿರಲಿಲ್ಲ. ಸುಳ್ಳು ಹೇಳಿ ಏನಾಗಬೇಕು, ಅವಳು ಇಲ್ಲೇ ಇರಲಿ ಎಂದು ನನಗೆ ತುಂಬಾ ಆಸೆಯಾಯಿತು. ಆದರೆ ಫೇಲಾದವಳಿಗೆ ಹೊರಗೆ ಯಾರು ಕೆಲಸ ಕೊಡುತ್ತಾರೆ? ಇಲ್ಲಿ ಕೂತರೆ ಕೆಲಸ ಮಾಡುತ್ತಲೇ ಇರುತ್ತಾಳೆ, ಕೆಲಸಗಾರ್ತಿಯಾಗುವುದಿಲ್ಲ. ಪಿ.ಎಫ್. ಇಲ್ಲ, ಯೂನಿಯನ್ನಿನಲ್ಲಿ ಜಾಗವಿಲ್ಲ, ನಾಳೆ ಬರಬೇಡ ಎಂದರೆ ಕೇಳುವವರಿಲ್ಲ.

ಕಳೆದ ಸೋಮವಾರ ಪ್ರಾಯೋಗಿಕ ಪರೀಕ್ಷೆ. ಸುಮಯ್ಯಾ ತಂದಿಟ್ಟ ಕಂತೆಯಲ್ಲಿ ಮೂರು ಬೆಸುಗೆ ಕೆಟ್ಟಿದ್ದವು. ಮೂರೂ ಎದುರಿಗೇ ಕಾಣುವ, ಸುಲಭದ ಜಾಗದಲ್ಲಿ. ಬೆರಳು ಹೋಗದ ಒಳಮೂಲೆಗಳಲ್ಲಿ ಕೆಲಸ ಥಳಥಳ ಹೊಳೆಯುತ್ತಿತ್ತು. ಬಾರದವರು ಎಡವುವುದು ಒಳಗೆ, ಹೊರಗಲ್ಲ. ಬೇಕೆಂದೇ ಕೆಡಿಸಿದ್ದಳು. ಕಂಡದ್ದನ್ನು ಕಂಡ ಹಾಗೆ ಬರೆದಿದ್ದರೆ ಸಾಕಿತ್ತು, ನನ್ನತ್ತ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಹಿಡಿದ ಪೆನ್ನು ಕೆಳಗಿಟ್ಟೆ. ಸಮಯ ಉಳಿದಿದ್ದರೆ ಎರಡನೆಯ ಅವಕಾಶ ಕೊಡುವುದು ನಮ್ಮಲ್ಲಿದೆ. ಎದ್ದು ಹೋಗಿ ಹೊಸ ವಯರುಗಳನ್ನು ಅವಳ ಮುಂದಿಟ್ಟು, ಇನ್ನೊಮ್ಮೆ ಮಾಡು, ನಾನು ಇಲ್ಲೇ ನಿಂತಿರುತ್ತೇನೆ ಎಂದೆ. ನನ್ನನ್ನು ತಿಂದುಬಿಡುವ ಹಾಗೆ ನೋಡಿದಳು. ನಾನು ಪಕ್ಕದಲ್ಲಿ ನಿಂತರೆ ಅವಳ ಕೈಗೆ ಕೆಟ್ಟ ಕೆಲಸ ಮಾಡಲು ಬರುವುದಿಲ್ಲ. ಕಣ್ಣು ಒರೆಸಿಕೊಳ್ಳುತ್ತಲೇ ಒಂದು ಕುಂದೂ ಇಲ್ಲದ ಕಂತೆ ಕಟ್ಟಿದಳು. ಪೂರ್ತಿ ಅಂಕ ಕೊಟ್ಟೆ.

ಅವತ್ತಿನಿಂದ ನನ್ನೊಡನೆ ಮಾತಿಲ್ಲ. ಟೀಚರ್‌ಗೇನು, ಕಾಯಂ ಕೆಲಸವಿದೆ ಎಂದು ಜೊತೆಯವಳ ಹತ್ತಿರ ಹೇಳಿದಳಂತೆ. ಅದು ಸುಳ್ಳಲ್ಲವಾದ್ದರಿಂದ ಜಾಸ್ತಿ ನೋವಾಯಿತು. ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡೇ ಓಡಾಡುತ್ತಿದ್ದಾರೆ, ಇರಲಿ. ಈಗ ಹಿಂದಿನ ಕೋಣೆಯಲ್ಲಿ ಬ್ಯಾಗು ತುಂಬುವ ಸದ್ದು. ಹೋಗಿ ಏನಾದರೂ ಹೇಳೋಣವೆಂದು ಏಳುತ್ತೇನೆ, ಕಾಗದ ಮುಗಿದಿಲ್ಲವೆಂಬ ನೆಪ ಮಾಡಿ ಮತ್ತೆ ಕೂರುತ್ತೇನೆ.

ನಾನು ಮಾಡಿದ್ದು ಸರಿಯೇ ಎಂದು ನಿಮ್ಮನ್ನು ಕೇಳುತ್ತಿಲ್ಲ. ಸರಿ ಎಂದು ಗೊತ್ತಿದೆ. ಆದರೂ ಮನೆ ಈಗಲೇ ಬಿಕೋ ಅನ್ನುತ್ತಿದೆ. ಅದನ್ನು ಹೇಳಿಕೊಳ್ಳಲು ಜಗಳಗಂಟ ಗಂಡನೊಬ್ಬನನ್ನು ಬಿಟ್ಟರೆ ನನಗೆ ಯಾರೂ ಇಲ್ಲ.

ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡಿ.

ಇಂತಿ,
ದೂರದಿಂದಲೇ ನಿಮ್ಮವಳಾದ
ಸೌದಾಮಿನಿ

ಮರೆತ ಮಾತು: ಈ ಕಾಗದ ತಂದುಕೊಟ್ಟವಳೇ ಸುಮಯ್ಯಾ, ನನ್ನೊಡನೆ ಮಾತು ಬಿಟ್ಟಿದ್ದರೂ. ಇಷ್ಟು ಓದುವವರೆಗೆ ಅವಳನ್ನು ಬಾಗಿಲಲ್ಲೇ ನಿಲ್ಲಿಸಿರುತ್ತೀರಿ, ನಿಮ್ಮನ್ನು ಬಲ್ಲೆ. ಒಳಗೆ ಕರೆದು ಊಟ ಹಾಕಿ. ನಿಮ್ಮೂರಿನ ಒಂದು ಕಾರ್ಖಾನೆಯವರು ಪರೀಕ್ಷೆ ಪಾಸಾದವರನ್ನು ಕರೆದಿದ್ದಾರೆ. ಎರಡು ವರ್ಷದ ಕರಾರಾದರೂ ಕೆಲಸಗಾರ್ತಿಯೆಂದೇ ಪತ್ರ ಕೊಡುತ್ತಾರಂತೆ, ಆ ಮಟ್ಟಿಗೆ ನಿಮ್ಮ ಮಾತು ಗೆದ್ದಿತು. ಅವಳಿಗೆ ಅಲ್ಲಿ ಯಾರೂ ಇಲ್ಲ. ನಾನು ಬಂದೇ ಬರುತ್ತೇನೆಂದು ನೀವೂ ಅತ್ತೆಯೂ ಇಷ್ಟು ವರ್ಷ ಖಾಲಿ ಇಟ್ಟಿರುವ ಕೋಣೆಯನ್ನು ಅವಳಿಗೆ ಕೊಡಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಟೀಚರ್ ಏನು ಬರೆದಿದ್ದಾರೆ ಎಂದು ಕೇಳಿದರೆ, ಕೋಣೆ ಕೇಳಿದ್ದಾರೆ ಎಂದಷ್ಟೇ ಹೇಳಿ.